ಕೂಗದ ಅಲಾರಂ

ಪುಟ್ಟಿಯ ಕಂಪನಿ ಅಡುಗೆಮನೆಯ ಗೋಡೆಗೆ ಹಾಕುವ ಗ್ಯಾಸ್ ಅಲಾರಂ ತಯಾರಿಸುತ್ತಿತ್ತು. ಗ್ಯಾಸ್ ಸೋರಿದರೆ ಅದು ಬೀದಿಗೆಲ್ಲ ಕೇಳುವಂತೆ ಕೂಗಬೇಕು, ಅಷ್ಟೇ ಅದರ ಕೆಲಸ. ಅದರೊಳಗಿನ ಸಾಫ್ಟ್‌ವೇರನ್ನು ಪರೀಕ್ಷಿಸುವುದು ಪುಟ್ಟಿಯ ಕೆಲಸ. ಅವಳ ಮೇಲಧಿಕಾರಿ ಸ್ವಂತ ಅಕ್ಕನ ಗಂಡ. ಆಫೀಸಿನಲ್ಲಿ ಸರ್, ಮನೆಯಲ್ಲಿ ಭಾವ. ಎರಡನ್ನೂ ಅದಲುಬದಲು ಮಾಡಿ ಅವಳು ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದಳು. ಕೆಲಸ ಕೊಡಿಸಿದ್ದೂ ಅವರೇ.

ಆ ವಾರ ಪರೀಕ್ಷೆಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಸಾಗಿಸಿದ್ದರು. ಅದರಲ್ಲಿ ಡೀಬಗರ್ ಇರಲಿಲ್ಲ. ಪ್ರೋಗ್ರಾಂ ಹೆಜ್ಜೆಹೆಜ್ಜೆಗೂ ಏನು ಮಾಡುತ್ತಿದೆ ಎಂದು ಇಣುಕಿ ನೋಡುವ ಸಾಧನ ಅದು. ಇದ್ದರೆ ಅನುಕೂಲ, ಇಲ್ಲದಿದ್ದರೂ ಕೆಲಸ ನಡೆಯಬೇಕು. ಆದರೆ ಈ ಪರೀಕ್ಷೆಗಳು ಅದಿಲ್ಲದೆ ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಯಾರೋ ಮಹಾನುಭಾವರು ಮೊದಲ ಸಾಲಿನಲ್ಲೇ ಅದನ್ನು ಕಡ್ಡಾಯ ಮಾಡಿಟ್ಟಿದ್ದರು.

ಪುಟ್ಟಿ ಬೈದುಕೊಳ್ಳುತ್ತಲೇ ತಿದ್ದಿದಳು: ಡೀಬಗರ್ ಇದ್ದರೆ ಬಳಸು, ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗು. ಪರದೆಯ ಮೇಲೆ ಸಾಲಾಗಿ ಹಸಿರು ಗುರುತುಗಳು ಬಂದವು. ಒಂದು ಮಾತ್ರ ಕೆಂಪಗಾಯಿತು. ಗ್ಯಾಸ್ ಒಮ್ಮೆಲೇ ಜೋರಾಗಿ ನುಗ್ಗಿದರೆ ಅಲಾರಂ ಕೂಗುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಅಲಾರಂ ಕೂಗಿರಲಿಲ್ಲ.

ತಾನೇ ಏನೋ ಎಡವಟ್ಟು ಮಾಡಿರಬೇಕೆಂದು ಡೀಬಗರ್ ಹಾಕಿ ನೋಡಿದಳು. ಕೂಗಿತು. ತೆಗೆದಳು, ಕೂಗಲಿಲ್ಲ. ಎಷ್ಟು ಸಲ ಮಾಡಿದರೂ ಅದೇ ಹಾಡು. ಕೊನೆಗೆ ಹೊಳೆಯಿತು. ಡೀಬಗರ್ ಇಣುಕುತ್ತಾ ಕೂತಾಗ ಪ್ರೋಗ್ರಾಂ ನಿಧಾನವಾಗುತ್ತಿತ್ತು, ಗ್ಯಾಸಿನ ಅಳತೆಗಳು ಒಂದಾದ ಮೇಲೊಂದು ಬರುತ್ತಿದ್ದವು. ಅದಿಲ್ಲದಾಗ ಒಂದರ ಮೇಲೊಂದು ಬಿದ್ದು ಕಳೆದೇ ಹೋಗುತ್ತಿದ್ದವು. ಜನರ ಮನೆಯ ಗೋಡೆಯಲ್ಲಿರುವ ಅಲಾರಂಗೆ ಡೀಬಗರ್ ಎಲ್ಲಿಂದ ಬರಬೇಕು? ಅವಳು ಎದ್ದು ಹೋಗಿ ಭಾವನನ್ನು ಕರೆತಂದಳು.

ಭಾವ ಪರದೆಯನ್ನು ನೋಡಿದರು, ಅವಳನ್ನು ನೋಡಲಿಲ್ಲ.

“ಡೀಬಗರ್ ಇಲ್ದಿದ್ರೆ ಈ ಟೆಸ್ಟ್ ಬಿಟ್ಟುಬಿಡು ಅಂತ ಒಂದು ಸಾಲು ಬರಿ.”

“ನಾವು ಟೆಸ್ಟ್ ಬಿಟ್ರೆ ಗ್ಯಾಸ್ ನಮ್ಮನ್ನ ಬಿಡುತ್ತಾ ಭಾ... ಸರ್?”

“ಅಷ್ಟು ಜೋರಾಗಿ ಯಾರ ಮನೇಲಿ ಸೋರುತ್ತೆ? ಸುಮ್ಮನೆ ತಲೆ ಕೆಡಿಸ್ಕೋಬೇಡ. ಸೋಮವಾರ ಮುಂದಿನ ಮಾಲು ಹೊರಡ್ಬೇಕು.”

ಕೆಲಸ ಕೊಡಿಸಿದವರ ಮುಂದೆ ಎಷ್ಟು ಅಂತ ವಾದ ಮಾಡುವುದು? ಪುಟ್ಟಿ ಆ ಸಾಲು ಬರೆದಳು. ಕೆಂಪು ಮಾಯವಾಯಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಹಾಗೆ ತಿದ್ದಿದ್ದನ್ನು ಆಫೀಸಿಗೆ ಒಪ್ಪಿಸಲು ಮಾತ್ರ ಕೈ ಬರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ತುರುಕಿದಳು.

ಸಂಜೆ ಅಕ್ಕ ಊಟಕ್ಕೆ ಕರೆದಿದ್ದಳು, ಭಾವನ ಜೊತೆಯಲ್ಲೇ ಹೋಗಬೇಕಾಯಿತು. ಅಡುಗೆಮನೆಯಲ್ಲಿ ಅಕ್ಕನ ಮಗು ನೆಲದ ಮೇಲೆ ಕೂತು ಪಾತ್ರೆ ಬಡಿಯುತ್ತಿತ್ತು. ಅಕ್ಕ ಲೈಟರ್ ಕೈಗೆತ್ತಿಕೊಂಡಳು.

“ತಡಿ ತಡಿ,” ಎಂದು ಭಾವ ನಡುವೆ ನುಗ್ಗಿದರು. ಕಿಟಕಿ ತೆರೆದರು. ಬಗ್ಗಿ ಸಿಲಿಂಡರಿನ ಬಳಿ ಮೂಸಿ ನೋಡಿದರು. “ಹ್ಞಾಂ, ಹಚ್ಚು.”

ಅಕ್ಕ ನಗುತ್ತಾ ಒಲೆ ಹಚ್ಚಿದಳು. “ನೋಡೇ ಪುಟ್ಟಿ, ದಿನಾ ಇದೇ ನಾಟಕ! ಇವರ ಮೂಗು ಒಪ್ಪದೆ ನನಗೆ ಒಲೆ ಹಚ್ಚೋ ಭಾಗ್ಯ ಇಲ್ಲ. ಗೋಡೆ ಮೇಲೆ ಇವರದೇ ಅಲಾರಂ ಇದ್ರೂನೂ!”

“ಯಾವಾಗಿಂದ ಅಕ್ಕಾ?”

“ಅದನ್ನ ತಂದು ಹಾಕಿದಾಗಿಂದ.”

ಪುಟ್ಟಿ ಭಾವನತ್ತ ತಿರುಗಿದಳು. ಅವರು ತಲೆ ತಗ್ಗಿಸಿದರು. ಅಂದರೆ ಮೊದಲಿನಿಂದಲೂ ಅವರಿಗೆ ಗೊತ್ತಿತ್ತು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

“ದುಡ್ಡು ಕೊಟ್ಟು ತಗೊಂಡೋರ ಮನೇಲಿ ಮೂಸಿ ನೋಡೋರು ಯಾರು ಭಾವ?”

“ಈಗ ಬೇಡ ಪುಟ್ಟಿ. ನಿನಗೆ ಕೈ ಮುಗೀತೀನಿ.”

ಅಕ್ಕನ ನಗು ನಿಂತಿತು. “ಏನ್ರೀ? ಅದು ಕೂಗಲ್ವಾ?”

ಭಾವ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದರು. ಅಕ್ಕ ಒಲೆ ಆರಿಸಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಗೆ ನಡೆದಳು.

ಪುಟ್ಟಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಈ ಮನೆಯಲ್ಲಿ ಇನ್ನು ತನಗೆ ಊಟ ಹುಟ್ಟುತ್ತದೋ ಇಲ್ಲವೋ ಎಂದು ಭಯವಾಯಿತು. ಆ ಸಾಲನ್ನು ಅಳಿಸಿ, ಪರೀಕ್ಷೆಯ ಫಲಿತಾಂಶವನ್ನು ಕೆಂಪು ಗುರುತಿನ ಸಮೇತ ಆಫೀಸಿನ ಎಲ್ಲರಿಗೂ ಕಾಣುವಂತೆ ಕಳಿಸಿಬಿಟ್ಟಳು.

ಭಾವ ಬಾಗಿಲಿಗೆ ಬಂದು ನಿಂತರು. “ಮಗೂನ ಒಳಗೆ ಕರ್ಕೊಂಡು ಬಾರೇ.”

“ಮಾರಿರೋ ಮನೆಗಳಿಗೆಲ್ಲ ಮೊದಲು ಹೇಳಿ ಬನ್ನಿ,” ಎಂದಳು ಅಕ್ಕ ಅಂಗಳದಿಂದ. “ಆಮೇಲೆ ಬರ್ತೀನಿ.”