ಮಾರಕ್ಕನ ಮುಷ್ಟಿಯಲ್ಲಿರುವ ಅಕ್ಕಿ

೧

ಎಲ್ಲಿಂದ ಶುರು ಮಾಡಲಿ? ಪದದಿಂದಲೋ, ಕಾಳಿನಿಂದಲೋ?

ಮೊದಲು ಪದದಿಂದಲೇ ಶುರು ಮಾಡಿದ್ದೆ. ಆ ಹಾಳೆ ಹರಿದು ಹಾಕಿದೆ. ಅದರಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಕಾಗದವಂತೂ ದಂಡವಾಯಿತು, ಮಾತಾದರೂ ಉಳಿಯಲಿ.

ಮಧುಗಿರಿಯಲ್ಲಿ ಭಾನುವಾರ ಭಾನುವಾರ ಸೇರುತ್ತಿದ್ದ ಓದುಗರ ಬಳಗದಲ್ಲಿ ಹೈಸ್ಕೂಲ್ ಮೇಷ್ಟರು ಜಯರಾಮಯ್ಯನವರು ಒಂದು ಪ್ರಬಂಧ ಓದಿದರು. ಇಂಗ್ಲಿಷಿನ ‘ರೈಸ್’ ಮೂಲದಲ್ಲಿ ನಮ್ಮ ದಿಕ್ಕಿನದೇ ಅಂತೆ. ತಮಿಳಿನ ‘ಅರಿಸಿ’ ಹಡಗು ಹತ್ತಿ, ಗ್ರೀಕರ ನಾಲಿಗೆಯಲ್ಲಿ ‘ಒರಿಜ’ ಆಗಿ, ಊರೂರು ಸುತ್ತಿ ಲಂಡನ್ ತಲುಪಿತಂತೆ. ‘ಅಲ್ಲ, ಅದು ಇರಾನಿನ ದಾರಿ ಹಿಡಿದು ಹೋದದ್ದು’ ಅನ್ನುವ ಪಂಡಿತರೂ ಇದ್ದಾರಂತೆ. ನಮ್ಮ ‘ಅಕ್ಕಿ’ ಆ ಅರಿಸಿಗೆ ತಂಗಿಯೋ ನಾದಿನಿಯೋ ಇನ್ನೂ ತೀರ್ಮಾನವಾಗಿಲ್ಲವಂತೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದು ಅರವತ್ತಾರನೆಯ ಇಸವಿ. ಹೊರಗೆ ಸೊಸೈಟಿ ಮುಂದೆ ಅಮೆರಿಕದ ಕೆಂಪು ಜೋಳಕ್ಕೆ ಕ್ಯೂ ನಿಂತಿತ್ತು.

ಒಂದು ಪದ ಸಮುದ್ರಗಳನ್ನೇ ದಾಟಿತು, ಯಾರೂ ಪರ್ಮಿಟ್ ಕೇಳಲಿಲ್ಲ. ಅದೇ ವಾರ ಮಾರಕ್ಕನ ಮಡಿಲಲ್ಲಿದ್ದ ಅಕ್ಕಿ ಒಂದು ಬಿದಿರು ಗಳ ದಾಟಲಿಲ್ಲ.

(ಕತೆ ಇಷ್ಟೇ. ಅವಸರವಿದ್ದವರು ಇಲ್ಲೇ ಇಳಿದುಕೊಳ್ಳಬಹುದು.)

೨

ಸರಿ, ಕಾಳಿನಿಂದ.

ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ತಪ್ಪಲಲ್ಲಿ, ಊರಾಚೆಗೆ ಒಂದು ಹಟ್ಟಿ. ಮಾರಕ್ಕನ ತಾಯಿ ಲಕ್ಷ್ಮಕ್ಕ ಗೌಡರ ಹಿತ್ತಿಲಲ್ಲಿ ಭತ್ತ ಕುಟ್ಟುವವಳು. ಅವಳು ಕುಟ್ಟಿದ ಅಕ್ಕಿ ಗೌಡರ ನಡುಮನೆಗೆ ಹೋಗಬಹುದು, ಅವಳು ಹೋಗುವಂತಿಲ್ಲ. ಕೂಲಿ ಅಂದರೆ ಒರಳಿನ ತಳದ ನುಚ್ಚು. ನುಚ್ಚು ಗಂಜಿಗಾಗುತ್ತದೆ, ಮಡ್ಲಕ್ಕಿಗೆ ಆಗುವುದಿಲ್ಲ.

(ಪೇಟೆಯ ಓದುಗರಿಗೆ: ತವರಿಂದ ಗಂಡನ ಮನೆಗೆ ಹೊರಟ ಹೆಣ್ಣಿನ ಸೆರಗಿಗೆ ತಾಯಿ ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ ಹಾಕಿ ಸೊಂಟಕ್ಕೆ ಕಟ್ಟುತ್ತಾಳೆ. ಆ ಗಂಟನ್ನು ಅತ್ತೆಯ ಹೊಸಿಲಲ್ಲೇ ಬಿಚ್ಚಬೇಕು. ಅಕ್ಕಿಯ ಒಂದು ಕಾಳೂ ಮುರಿದಿರಬಾರದು.)

ಅದಕ್ಕೇ ಲಕ್ಷ್ಮಕ್ಕ ಸುಗ್ಗಿಯಿಂದ ಯುಗಾದಿಯವರೆಗೆ ತನ್ನ ಕೂಲಿಯ ನುಚ್ಚನ್ನು ಮೊರದಲ್ಲಿ ಹರಡಿಕೊಂಡು, ಕಣ್ತಪ್ಪಿ ಉಳಿದಿದ್ದ ಇಡೀ ಕಾಳುಗಳನ್ನು ಒಂದೊಂದಾಗಿ ಆರಿಸಿದಳು. ಮುರಿದದ್ದನ್ನು ಮನೆಯವರು ಉಂಡರು. ಮುರಿಯದ್ದು ಮಡಕೆ ಸೇರಿತು. ಆ ಮನೆಯಲ್ಲಿ ಅಕ್ಕಿ ಊಟದ ಹೆಸರಲ್ಲ. ಊಟಕ್ಕೆ ಮುದ್ದೆ ಇತ್ತು, ಇಲ್ಲದ ದಿನ ಅದೂ ಇರಲಿಲ್ಲ. ಅಕ್ಕಿ ಬೇಕಾಗುತ್ತಿದ್ದದ್ದು ಮದುವೆಯಲ್ಲಿ ತಲೆಗೆ, ಹೊರಡುವಾಗ ಮಡಿಲಿಗೆ, ಸತ್ತಾಗ ಬಾಯಿಗೆ.

ಮಾರಕ್ಕ ಮೂರನ್ನೂ ಕಂಡಿದ್ದಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಮಗು ನಾಲ್ಕು ದಿನ ಬೆಳಕು ನೋಡಿ ಹೊರಟುಹೋಯಿತು. ಹೂಳುವ ಮುಂಚೆ ಅದರ ಬಾಯಿಗೆ ಅಕ್ಕಿಕಾಳು ಇಟ್ಟವಳು ಅವಳೇ. ಆಮೇಲೆ ಪಾವಗಡ ಕಡೆಯಿಂದ ಅತ್ತೆಯ ಮಾತು ಬಂತು: “ಮಡ್ಲು ತುಂಬ್ಕಂಡು ಬಂದ್ರೆ ಬರ್ಲಿ. ಬರೀ ಮಡ್ಲಾಗೆ ಬಂದ್ರೆ ಬಾಗ್ಲು ತೆಗೆಯಾಕಿಲ್ಲ.” ಗಂಡನಿಗೆ ಬೇರೆ ಹೆಣ್ಣು ನೋಡುವ ಮಾತೂ ಅಲ್ಲಿ ಆಗಲೇ ಎದ್ದಿತ್ತು.

(ನೀವು ಕಣ್ಣೀರು ಹಾಕಲಿ ಅಂತ ಇದನ್ನು ಬರೆದಿಲ್ಲ. ಸಿಟ್ಟು ಬಂದಿದ್ದರೆ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.)

೪

(ಮೂರನೆಯದು ಬಸ್ ಪ್ರಯಾಣದ ವರ್ಣನೆ. ಬಹಳ ಚೆನ್ನಾಗಿ ಬಂದಿತ್ತು. ಅದಕ್ಕೇ ಕಿತ್ತೆಸೆದೆ.)

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಒಂದಿಷ್ಟು ದೂರ ಆಂಧ್ರದೊಳಕ್ಕೆ ನುಗ್ಗಿ ಮತ್ತೆ ಮೈಸೂರು ರಾಜ್ಯಕ್ಕೆ ಬರಬೇಕು. ಗಡಿ ಎಳೆದವರಿಗೆ ಅವತ್ತು ಯಾರ ಮನೆಯ ಊಟ ಹೆಚ್ಚಾಗಿತ್ತೋ! ಅಕ್ಕಿ ರಾಜ್ಯ ದಾಟಬಾರದು ಅಂತ ಆ ವರ್ಷ ಆರ್ಡರಾಗಿತ್ತು. ರಸ್ತೆಗೆ ಅಡ್ಡ ಬಿದಿರು ಗಳ, ಪಕ್ಕದಲ್ಲಿ ತಗಡಿನ ಶೆಡ್ಡು, ಮುಂದೆ ಬೆತ್ತ ಹಿಡಿದ ಗಾರ್ಡು ರುದ್ರಯ್ಯ. ಹುಲಿಕುಂಟೆ ಕಡೆಯವನು.

ಶೆಡ್ಡಿನ ಹಿಂದೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಯಾರ ಅಕ್ಕಿ ಅಂತ ಕೇಳಬೇಡಿ. ಇಲ್ಲ, ಕೇಳಿ, ಕೇಳಲೇಬೇಕು. ಹಿಂದಿನ ಬಸ್ಸಿನವರದು.

ರುದ್ರಯ್ಯ ಬಸ್ಸು ಹತ್ತಿ ಒಬ್ಬೊಬ್ಬರನ್ನೇ ನೋಡುತ್ತ ಬಂದು ಮಾರಕ್ಕನ ಮುಂದೆ ನಿಂತ.

“ಏನಮ್ಮೀ ಅದು, ಹೊಟ್ಟೆ ಮುಂದಕ್ಕೆ ಬಂದೈತೆ?”

ಬಸ್ಸಿನ ಗಂಡಸರು ನಕ್ಕರು.

“ಮಡ್ಲಕ್ಕಿ ಕಣಪ್ಪ,” ಅಂದಳು ಮಾರಕ್ಕ.

“ಮಡ್ಲು ನಿಂದು, ಅಕ್ಕಿ ಗೌರ್ಮೆಂಟ್ದು. ಇಳಿ ಕೆಳಕ್ಕೆ.”

ಅವಳ ಹಿಂದೆಯೇ ಶಿರಾದ ಬಳೆಗಾರ್ತಿ ಖಾಜಾಬಿ ಬಳೆಯ ಗಂಟು ಹೆಗಲಿಗೇರಿಸಿಕೊಂಡು ಇಳಿದಳು. “ಅರೆ ರುದ್ರಯ್ಯ, ನಿನ್ ಹೆಂಡ್ರಿಗೆ ನಾನೇ ಅಲ್ವಾ ಬಳೆ ತೊಡ್ಸಿದ್ದು? ಅವ್ಳೂ ಮಡ್ಲಾಗೆ ಚಾವಲ್ ಕಟ್ಕಂಡೇ ನಿನ್ ಮನೆಗೆ ಬಂದಿದ್ದು. ಆವಾಗ ಎಲ್ಲೋಗಿತ್ತು ಈ ಕಾನೂನು?”

“ಆವಾಗ ಗೇಟಿರ್ಲಿಲ್ಲ ಕಣ್ ಬೂಬಮ್ಮ.”

ಪಾವಗಡದ ಮುದುಕಿಯೊಬ್ಬಳು ಕಿಟಕಿಯಿಂದ ತಲೆ ಹೊರಹಾಕಿದಳು. “ಒಡಿ ಬಿಯ್ಯಮು ರಾ ಅದಿ! ಮುಟ್ಟಕೂಡದು ರಾ!” ಮಡಿಲ ಅಕ್ಕಿ ಕಣೋ, ಮುಟ್ಟಬಾರದು ಅಂತ.

“ನಾನೆಲ್ಲಿ ಮುಟ್ದೆ ಅಜ್ಜಿ? ಹಟ್ಟಿಯೋಳ ಸೆರಗು ನಾನ್ಯಾಕೆ ಮುಟ್ಲಿ?” ಬಾಯಿ ತೆರೆದಿದ್ದ ಗೋಣಿಚೀಲವನ್ನು ರುದ್ರಯ್ಯ ಬೆತ್ತದಿಂದ ತೋರಿಸಿದ. “ಅವ್ಳೇ ಸುರೀಲಿ. ಮಾಲು ಒಳಗೋದ್ರೆ ಸಾಕು.”

ಅಕ್ಕಿ, ಚಾವಲ್, ಬಿಯ್ಯಮು. ಮೂವರು ಹೆಂಗಸರು ಮೂರು ಭಾಷೆಯಲ್ಲಿ ಹೇಳಿದ್ದು ಒಂದನ್ನೇ. ಅದಕ್ಕೆ ಸರ್ಕಾರ ಇಟ್ಟ ಹೆಸರು ಮಾಲು. ಸೆರಗು ಮೈಲಿಗೆ, ಸೆರಗಿನೊಳಗಿನ ಮಾಲು ಮಡಿ. ಮುಟ್ಟಿದರೆ ಕೆಡುವ ಜಾತಿ ಉಂಡರೆ ಕೆಡುವುದಿಲ್ಲ. ಲಕ್ಷ್ಮಕ್ಕ ಕುಟ್ಟಿದ್ದನ್ನು ತಲೆಮಾರಿನಿಂದ ಉಂಡ ಗೌಡರಿಗೇ ಏನೂ ಆಗಿರಲಿಲ್ಲ, ಇವನಿಗೇನು ಆದೀತು?

“ಕಾಲಿಗ್ ಬೀಳ್ತೀನಿ ಕಣಪ್ಪ. ಹಾದಿನಾಗೆ ಬಿಚ್ಬಾರ್ದು ಇದ್ನ. ಬಿಚ್ಚಿದ್ರೆ ನಂಗೆ ಬಾಗ್ಲಿಲ್ಲ. ನಮ್ಮವ್ವ ನುಚ್ಚಾಗೆ ಆರ್ಸಿ ಆರ್ಸಿ ಇಟ್ಟಿದ್ದು.”

“ನುಚ್ಚೇ ತಂದಿದ್ರೆ ಬುಟ್ಬುಡ್ತಿದ್ದೆ. ನುಚ್ಚಿಗೆ ಆರ್ಡರಿಲ್ಲ. ಇಡೀ ಅಕ್ಕಿ ಐತಲ್ಲ, ಏನ್ಮಾಡ್ಲಿ? ಸುರಿ, ಸುರಿ, ಬಸ್ ಹೊಂಟೋಯ್ತದೆ.”

ಮುರಿದಿದ್ದರೆ ದಾಟಬಹುದಿತ್ತು. ಮಾರಕ್ಕನಂಥವರಿಗೆ ಈ ದೇಶ ಮಾಡಿಟ್ಟಿರುವ ಕಾಯಿದೆ ಇದೊಂದೇ; ಉಳಿದದ್ದೆಲ್ಲ ಇದರ ತಿದ್ದುಪಡಿ.

ಅವಳು ಗಂಟು ಬಿಚ್ಚಿದಳು. ಕೊಬ್ಬರಿ ಗಿಟುಕು ರಸ್ತೆಗೆ ಉರುಳಿತು. ಅಕ್ಕಿ ಗೋಣಿಚೀಲಕ್ಕೆ ಸುರಿಯತೊಡಗಿತು.

೫

ಇಲ್ಲಿಯವರೆಗೆ ಬರೆದು ಜಯರಾಮಯ್ಯನವರಿಗೆ ತೋರಿಸಿದೆ. “ಅಕ್ಕಿಗೆ ತಾನೆ ತಡೆ? ಅನ್ನಕ್ಕಿಲ್ಲವಲ್ಲ! ಅಲ್ಲೇ ಮೂರು ಕಲ್ಲು ಹೂಡಿ ಅನ್ನ ಮಾಡಿ ಬಸ್ಸಿನವರಿಗೆಲ್ಲ ಬಡಿಸಿಬಿಡಲಿ ಕಣ್ರೀ. ಸಿಂಬಾಲಿಕ್ ಆಗಿರುತ್ತೆ,” ಅಂದರು. ಐಡಿಯಾ ಚೆನ್ನಾಗಿತ್ತು. ಬರೆದೂ ಬಿಟ್ಟೆ. ಒಲೆ ಹತ್ತಿಸುವ ಹೊತ್ತಿಗೆ ಮಾರಕ್ಕ ನನ್ನ ಕಡೆ ತಿರುಗಿದಳು.

“ಯಾರಿಗ್ ಬಡಿಸ್ಲಿ? ನಾನ್ ಬೇಯ್ಸಿದ್ ಅನ್ನ ಈ ಬಸ್ಸಾಗೆ ಯಾರುಣ್ತಾರೆ, ಹೇಳು ನೋಡಾನ?”

ಹಾಳೆ ಹರಿದೆ.

೬

ಕೊನೆಯ ಹಿಡಿಗೆ ಅವಳ ಕೈ ನಿಂತಿತು. ಶೆಡ್ಡಿನ ಹಿಂದಿನಿಂದ ಅನ್ನದ ಬಿಸಿ ವಾಸನೆ ಬಂತು. ಲಕ್ಷ್ಮಕ್ಕ ಆರಿಸಿದ ಕಾಳುಗಳೂ ಇಂದೋ ನಾಳೆಯೋ ಹೀಗೇ ಘಮಘಮಿಸುತ್ತವೆ ಅಂತ ಅವಳಿಗೆ ಹೊಳೆಯಿತು.

“ಅದ್ನೂ ಹಾಕು,” ಅಂದ ರುದ್ರಯ್ಯ.

ಮಾರಕ್ಕ ಮುಷ್ಟಿ ಬಿಗಿದಳು. ಎತ್ತಿದಳು. ಅವನ ಬಾಯಿಯ ನೇರಕ್ಕೆ ತಂದು ನಿಲ್ಲಿಸಿದಳು.

“ಹಾಕ್ತೀನಿ, ಬಾಯಿ ತೆಗಿ. ನಿನ್ ಬಾಯಿಗೆ ಅಕ್ಕಿಕಾಳಾಕ!”

ಈ ಬೈಗುಳ ನಮ್ಮ ಸೀಮೆಯಲ್ಲಿ ಕೋಳಿ ಬೇಲಿ ಹಾರಿದರೂ ಕೇಳಿಬರುತ್ತದೆ. ಬರಿಗೈಯಲ್ಲಿ ಬೈದರೆ ಯಾರೂ ಸಾಯುವುದಿಲ್ಲ. ಆದರೆ ಕೈಯಲ್ಲಿ ಅಕ್ಕಿ ಹಿಡಿದು ಯಾರೂ ಬೈದದ್ದಿಲ್ಲ. ಅಕ್ಕಿ ಹಿಡಿದು ಬಾಯಿಯ ಹತ್ತಿರ ಬರುವುದು ಹೆಣದ ಮುಂದೆ ಮಾತ್ರ.

ರುದ್ರಯ್ಯ ತುಟಿ ಬಿಗಿ ಹಿಡಿದ. ಹಿಂದಕ್ಕೆ ಸರಿಯೋಣವೆಂದರೆ ಬೆನ್ನಿಗೆ ಬಿದಿರು ಗಳ. ಕೈ ತಳ್ಳೋಣವೆಂದರೆ ಮುಟ್ಟಬೇಕು. ಸಾವಿಗೆ ಹೆದರಿದನೋ, ಆ ಕೈಗೆ ಹೆದರಿದನೋ, ನನಗೂ ತಿಳಿಯಲಿಲ್ಲ.

ಆದರೆ ಮಾರಕ್ಕನಿಗೆ ಒಂದು ತಿಳಿದಿತ್ತು. ಆ ಹಿಡಿ ಅವನ ತುಟಿಗೆ ತಾಗಿದರೆ ಅದು ಹೆಣದ ಅಕ್ಕಿ. ಮತ್ತೆ ಮಡಿಲಿಗೆ ಬರುವಂತಿಲ್ಲ. ಅತ್ತೆಯ ಹೊಸಿಲಿಗೆ ಉಳಿದಿರುವುದೂ ಅದೊಂದೇ ಹಿಡಿ.

೭

ಮುಕ್ತಾಯ ಒಂದು: ರುದ್ರಯ್ಯ ನಡುಗಿ ಚೀಲದ ಅಕ್ಕಿಯನ್ನು ಅವಳ ಸೆರಗಿಗೆ ವಾಪಸ್ ಸುರಿಯುತ್ತಾನೆ.

“ಅವ್ನು ಕೊಟ್ರೆ ಭಿಕ್ಸೆ ಆಯ್ತದೆ,” ಅಂದಳು ಮಾರಕ್ಕ. “ನಮ್ಮವ್ವ ಕೊಟ್ಟಿದ್ದು ಎಲ್ಲೋಯ್ತು?”

ಮುಕ್ತಾಯ ಎರಡು: ಖಾಜಾಬಿ ಒಂದು ಡಜನ್ ಹಸಿರು ಬಳೆ, ಕಿಟಕಿಯ ಅಜ್ಜಿ ಒಂದು ಬೊಗಸೆ ಕೆಂಪು ಜೋಳ ಹಾಕಿ ಮಡಿಲು ತುಂಬುತ್ತಾರೆ. ಖಾಜಾಬಿಗೆ ಇದು ಒಪ್ಪಿಗೆ, ಆಗಲೇ ಬಳೆಯ ಗಂಟು ಬಿಚ್ಚುತ್ತಿದ್ದಳು.

“ನಿನ್ ಮನಸು ದೊಡ್ದು ಕಣ್ ಬೂಬಮ್ಮ. ಏನ್ಮಾಡಾದು, ಅಕ್ಕಿ ಹುಡ್ಕೋ ನಮ್ಮತ್ತೆ ಕಣ್ಣೂ ದೊಡ್ದು.”

ಮುಕ್ತಾಯ ಮೂರು: ಬಸ್ಸಿನವರೆಲ್ಲ ಇಳಿದು ಗಳ ಮುರಿಯುತ್ತಾರೆ. ಬಳಗದವರು ಇದಕ್ಕೇ ಓಟು ಹಾಕಿದರು. ಆದರೆ ಬಸ್ಸಿನಲ್ಲಿ ಆಗ ನಕ್ಕವರು ಈಗ ಕಿಟಕಿಯಾಚೆಗಿನ ಹುಣಸೆಮರ ನೋಡುತ್ತಿದ್ದಾರೆ. ನಾನು ಬರೆದ ಮಾತ್ರಕ್ಕೆ ಅವರು ಸೀಟು ಬಿಡುವವರಲ್ಲ.

“ಏನಾದರೂ ಒಂದು ಮಾಡು ತಾಯಿ. ಕತೆ ಮುಗಿಯಬೇಕು,” ಅಂದೆ.

“ನಿನ್ ಕತೆ ಮುಗೀಲಿ ಅಂತ ನಾನ್ ಕೈ ಬಿಚ್ಲಾ?” ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. “ಬಾಯಿಗ್ ಬೀಳ್ತದೋ ಮಡ್ಲಿಗ್ ಬೀಳ್ತದೋ ಗೊತ್ತಾಗ್ದೆ ಹೆಂಗ್ ಬೆವರ್ತಾವ್ನೆ ನೋಡು. ಹುಟ್ಟಿದ್ ಲಾಗಾಯ್ತು ನಾವೇ ಕಾದಿರೋದು. ಇವತ್ತು ಇವ್ನು ಕಾಯ್ಲಿ.”

ಡ್ರೈವರ್ ಹಾರನ್ ಒತ್ತುವುದನ್ನು ಬಿಟ್ಟಿದ್ದಾನೆ. ಗಳ ಎತ್ತಬೇಕಾದವನು ಅಲುಗುವಂತಿಲ್ಲ. ಶೆಡ್ಡಿನ ಹಿಂದಕ್ಕೆ ಹೋಗಿ ಒಲೆಯಿಂದ ಅನ್ನ ಇಳಿಸುವವರೂ ಇಲ್ಲ. ನೀರು ಇಂಗಿ ಅನ್ನ ತಳ ಹಿಡಿದ ವಾಸನೆ ಬಸ್ಸಿನವರೆಗೂ ಬಂತು.

“ಮಾಡಿಪೋತಾ ಉಂದಿ,” ಅಂದಳು ಕಿಟಕಿಯ ಅಜ್ಜಿ, ಸೆರಗಿನಿಂದ ಮೂಗು ಮುಚ್ಚಿ. ಸೀದುಹೋಗುತ್ತಿದೆ ಅಂತ.

ಮಾರಕ್ಕ ತಿರುಗಿ ನೋಡಲಿಲ್ಲ.

“ಸೀಯ್ಲಿ ಬುಡು.”