ಹಿಂಭಾರ

ತಿಕೋಟಾ ದಾಟಿ ಮೂರು ಕಿಲೋಮೀಟರ್ ಆಗಿರಲಿಲ್ಲ, ಕನ್ನಡಿಯೊಳಗೆ, ಹಿಂದಿನ ಟ್ರೇಲರಿನ ಮೇಲೆ ಕೂತ ದೋಣಿ ಬಾಲ ಆಡಿಸತೊಡಗಿತು. ಮೊದಲು ಸಣ್ಣಗೆ, ಒಲ್ಲೆನೆಂದು ಕತ್ತು ಅಲ್ಲಾಡಿಸಿದ ಹಾಗೆ. ಆಮೇಲೆ ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ. ಟ್ರೇಲರಿನ ಜಗ್ಗಾಟಕ್ಕೆ ಪಿಕಪ್ಪಿನ ಹಿಂಭಾಗವೂ ಹೊಯ್ದಾಡಿತು. ಎದುರಿಗೆ ಕಬ್ಬಿನ ಲಾರಿಯೊಂದು ಬರುತ್ತಿತ್ತು.

ಮಹಾನಂದಾಳ ಬಲಗಾಲು ಬ್ರೇಕಿನ ಕಡೆ ಹೊರಟು ಅರ್ಧಕ್ಕೇ ನಿಂತಿತು. ಈಗ ಬ್ರೇಕ್ ಒತ್ತಿದರೆ ಹಿಂದಿನದು ಮುಂದಿನದನ್ನು ನೂಕಿ ಅಡ್ಡ ಕೆಡವುತ್ತದೆ. ಸ್ಟೇರಿಂಗನ್ನು ನೆಟ್ಟಗೆ ಹಿಡಿದು ಎಕ್ಸಲರೇಟರಿನಿಂದ ಕಾಲೆತ್ತಿದಳು, ಅಷ್ಟೇ. ಅರವತ್ತು ಐವತ್ತಾಯಿತು, ಐವತ್ತು ಮೂವತ್ತಾಯಿತು. ಲಾರಿ ಬಿಸಿಗಾಳಿ ಬಡಿಸಿ ಹೋಯಿತು. ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸಿದಳು.

ಪಕ್ಕದ ಸೀಟಿನಲ್ಲಿ ಅತ್ತೆ ಸಕ್ರವ್ವ. ತವರುಮನೆ ಕಳ್ಳಕವಟಗಿಗೆ ಪುಕ್ಕಟೆ ಸವಾರಿ ಸಿಕ್ಕಿತೆಂದು ಹೊಸ ಇಳಕಲ್ ಸೀರೆ ಉಟ್ಟು ಹತ್ತಿದವಳು.

"ದೋಣಿ ನೀರಾಗ ಅಲ್ಲಾಡೂದು ಕೇಳಿದ್ನಿ," ಎಂದಳು ಎಲೆ ಅಡಿಕೆ ಮೆಲ್ಲುತ್ತ. "ಡಾಂಬರಿನ ಮ್ಯಾಲೂ ಅಲ್ಲಾಡತೈತೇನ?"

ಹಿಂದೆ ಕಾರಿನಲ್ಲಿ ಬರುತ್ತಿದ್ದ ಕುನಾಲ ಇಳಿದು ಓಡಿ ಬಂದ. ವಿಜಯಪುರದ ಹುಡುಗ, ಸುತ್ತಲಿನ ಮೂರು ಕೆರೆಗಳಲ್ಲಿ ದೋಣಿ ವಿಹಾರ ನಡೆಸುವ ಗುತ್ತಿಗೆ ಹಿಡಿದಿದ್ದ. ದೋಣಿಗಳನ್ನು ಕೆರೆಯಿಂದ ಕೆರೆಗೆ, ರಿಪೇರಿಗೆಂದು ಊರಿಗೆ, ವರ್ಷವಿಡೀ ಎಳೆಯಲು ಅವನಿಗೊಂದು ಗಾಡಿ ಬೇಕಿತ್ತು. ಒಣದ್ರಾಕ್ಷಿಯ ಹಂಗಾಮು ಮುಗಿದರೆ ಮಹಾನಂದಾಳ ಪಿಕಪ್ ಮನೆ ಮುಂದೆ ಸುಮ್ಮನೆ ಬಿಸಿಲು ಕಾಯುತ್ತಿತ್ತು. ಇವತ್ತು ಪರೀಕ್ಷೆ. ದೋಣಿ ನೆಟ್ಟಗೆ ನೀರಿಗಿಳಿದರೆ ವರ್ಷದ ಕೆಲಸ ಅವಳದು.

"ನಿಧಾನ ಹೊಡೀರಿ ಅಂದಿದ್ನಿಲ್ರಿ ಅಕ್ಕಾರ?"

"ಅರವತ್ತು ದಾಟಿಲ್ರಿ."

"ನಂದೇನು ಸಿಟ್ಟಿಲ್ರಿ. ಆದ್ರ ಹತ್ತು ಗಂಟೆಕ್ಕ ದೋಣಿ ಹತ್ತಾಕ ಜನಾ ಬರ್ತಾರ. ತುಕಾರಾಮ ಟ್ರ್ಯಾಕ್ಟರ್ ತಗೊಂಡು ಕೆರಿ ಹಂತ್ಯಾಕ ನಿಂತಾನ. ಅವನ್ನ ಕರಸ್ತೀನಿ. ನೀವು ಟ್ರೇಲರ್ ಬಿಚ್ಚಿ ಕೊಡ್ರಿ."

"ಹತ್ತು ನಿಮಿಷ ತಡೀರಿ."

ಮಹಾನಂದಾ ಹಿಂದಕ್ಕೆ ಹೋದಳು. ಚಕ್ರದ ಗಾಳಿ ಸರಿಯಿತ್ತು. ಕೊಂಡಿಯ ಕೀಲಿ ಸರಿಯಿತ್ತು, ಅದರ ಕೆಳಗೆ ಕತ್ತರಿಯ ಹಾಗೆ ಹಾಯಿಸಿದ ಎರಡು ಸರಪಳಿಯೂ ಸರಿ. ಗ್ಯಾರೇಜಿನ ಸೊಹೇಲ ಕಲಿಸಿದ್ದನ್ನೆಲ್ಲ ಬೆಳಗ್ಗೆ ಒಂದೊಂದಾಗಿ ಮುಟ್ಟಿ ನೋಡಿದ್ದಳು. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೀಲಿ ತೆಗೆದು, ಕೊಂಡಿಗೆ ಕೂರುವ ಟ್ರೇಲರಿನ ಮುಂಗೋಲು, ಮೂಕಿಯನ್ನು ಎತ್ತಿದಳು. ಒಂದೇ ಕೈಗೆ ಎದ್ದು ಬಂತು.

"ನೋಡ್ರಿ, ಎಷ್ಟು ಹಗುರ," ಎಂದ ಕುನಾಲ. "ನಿಮ್ಮ ಗಾಡಿಗೆ ತ್ರಾಸ ಆಗಬಾರದಂತ ಸಾಮಾನೆಲ್ಲಾ ನಾನ ಮುದ್ದಾಂ ಹಿಂದ ಹಾಕಿಸೇನಿ. ಇಂಜಿನ್, ಪೆಟ್ರೋಲ್ ಕ್ಯಾನು, ಲಂಗರು."

ಅಷ್ಟರಲ್ಲಿ ಸಕ್ರವ್ವ ಸೆರಗು ಸರಿಮಾಡಿಕೊಳ್ಳುತ್ತ ಇಳಿದು ಬಂದಿದ್ದಳು. ಸೊಸೆಯ ಒಂದು ಕೈಯಲ್ಲಿ ತೂಗುತ್ತಿದ್ದ ಮೂಕಿಯನ್ನು ನೋಡಿ, ಬಾಯೊಳಗಿನದನ್ನು ಬೇಲಿಗೆ ಉಗುಳಿದಳು.

"ಗಾಡಿ ಹಿಂಭಾರ ಆಗೈತಲ್ಲೋ ತಮ್ಮಾ."

"ಹಂಗಂದ್ರ ಏನ್ ಬೇ?"

"ಎಂದರ ಎತ್ತಿನ ಗಾಡಿ ಹೂಡೀಯೇನು?"

"ಇಲ್ಲ. ನಾ ಎಂಬಿಎ ಮಾಡೇನಿ."

"ಹಂಗಾದ್ರ ನಿನಗ ಹೆಂಗ ತಿಳೀಬೇಕು, ಪಾಪ. ಹಿಂದ ಭಾರ ಜಾಸ್ತಿ ಆದ್ರ ನೊಗ ಮ್ಯಾಲ ಏಳತೈತಿ. ನೊಗಕ್ಕ ಕಟ್ಟಿದ ಜತಗಿ ಪಟ್ಟಿ ಎತ್ತಿನ ಕೊಳ್ಳ ಹಿಚುಕತೈತಿ. ಉಸರ ಕಟ್ಟಿದ ಎತ್ತು ನೆಟ್ಟಗ ಹೆಂಗ ಹೋದೀತು? ನೊಗ ಹೆಗಲ ಮ್ಯಾಲ ಕುಂತಿರಬೇಕು. ಆವಾಗ ಗಾಡಿ ತನ್ನ ಬೆನ್ನಿಗೈತಿ ಅಂತ ಎತ್ತಿಗೆ ಗೊತ್ತಾಗತೈತಿ."

ಮಹಾನಂದಾ ಕೈಯೊಳಗಿನ ಮೂಕಿಯನ್ನೇ ನೋಡಿದಳು. ಹಗುರ ಇದೆಯೆಂದು ಬೆಳಗ್ಗೆ ತಾನೂ ಹಿಗ್ಗಿದ್ದಳು. "ತಪ್ಪು ನಂದೂ ಐತ್ರಿ," ಎಂದಳು ಕುನಾಲನಿಗೆ. "ಇಂಜಿನ್ ಹಿಡೀರಿ, ಆ ಕಡಿಯಿಂದ."

ಇಬ್ಬರೂ ಸೇರಿ ಇಂಜಿನ್ ಬಿಚ್ಚಿ ಮುಂದಕ್ಕೆ ಹೊತ್ತರು. ಕ್ಯಾನು, ಲಂಗರು ಚಕ್ರದಿಂದ ಮುಂದಕ್ಕೆ ಬಂದವು. ಸಕ್ರವ್ವ ನೆರಳಿನಲ್ಲಿ ನಿಂತು ಕೈ ಮಾಡುತ್ತಿದ್ದಳು. "ಪೂರಾ ಮೂತಿಗಿ ಒಯ್ಯಬ್ಯಾಡ, ಎತ್ತು ಮಣಕಾಲ ಊರತಾವು. ಹಾಂ, ಅಲ್ಲೇ ಇರಲಿ. ಏ ಎಂಬಿಎ, ಹಗ್ಗ ಬಿಗೀ."

ಈಗ ಮೂಕಿ ಎತ್ತಲು ಇಬ್ಬರೂ ಸೊಂಟ ಕೊಡಬೇಕಾಯಿತು. ಕೊಂಡಿಗೆ ಕೂತಾಗ ಪಿಕಪ್ಪಿನ ಹಿಂಭಾಗ ಎರಡು ಬೆರಳಷ್ಟು ತಗ್ಗಿತು. ಮಹಾನಂದಾ ಕೀಲಿ ಹಾಕಿ, ಸರಪಳಿ ಸಿಕ್ಕಿಸಿ, ಲೈಟು ಉರಿಯಿತೋ ಇಲ್ಲವೋ ನೋಡಿ ಹತ್ತಿದಳು. ನಲವತ್ತು. ಐವತ್ತು. ಕನ್ನಡಿಯೊಳಗೆ ದೋಣಿ ಗೆರೆ ಕೊರೆದ ಹಾಗೆ ಹಿಂದೆ ಬರುತ್ತಿತ್ತು. ಅವಳಿಗೆ ಹಾಡು ಬಂತು. ಅತ್ತೆ ಇದ್ದಾಳೆಂದು ಬಾಯಿ ಮುಚ್ಚಿಕೊಂಡೇ ಹಾಡಿದಳು.

ಕಳ್ಳಕವಟಗಿ ಕೆರೆಯ ಇಳಿಜಾರಿನ ಬದಿಗೆ ತುಕಾರಾಮ ಟ್ರ್ಯಾಕ್ಟರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸುತ್ತ ಹತ್ತಿಪ್ಪತ್ತು ಜನ.

"ಅಕ್ಕಾ, ರಿವರ್ಸ್ ನಾ ತಗೊಳ್ಲೇನು? ಇಲ್ಲಿ ಗಂಡಸರ ಗಾಡಿ ಸಮೇತ ನೀರಾಗ ಹೋಗ್ಯಾರ."

"ಹೋಗ್ಯಾರಂದ್ರ ದಾರಿ ಐತಿ ಅಂತಾತಲ್ಲ, ತುಕಾರಾಮಣ್ಣ."

ಜನ ನಕ್ಕರು. ಮಹಾನಂದಾ ಮೊದಲು ಕಾಲ್ನಡಿಗೆಯಲ್ಲೇ ಇಳಿದು, ಎಲ್ಲಿ ಪಾಚಿ ಇದೆ ಎಂದು ಚಪ್ಪಲಿಯಿಂದ ಉಜ್ಜಿ ನೋಡಿ ಬಂದಳು. ಆಮೇಲೆ ಸ್ಟೇರಿಂಗಿನ ಕೆಳಗಿನ ಅಂಚಿಗೆ ಒಂದು ಕೈ ಇಟ್ಟು ಹಿಂದಕ್ಕೆ ಬಿಟ್ಟಳು. ಅರ್ಧಕ್ಕೆ ಬಂದಾಗ ಟ್ರೇಲರ್ ಸೊಟ್ಟಾಯಿತು. ಜನರಲ್ಲಿ ಯಾರೋ "ಆತು ನೋಡು" ಎಂದರು. ಅವಳು ಅಲ್ಲೇ ತಿದ್ದುವುದಕ್ಕೆ ಹೋಗಲಿಲ್ಲ. ಗಾಡಿ ಮುಂದಕ್ಕೆ ತಂದು, ನೆಟ್ಟಗೆ ಮಾಡಿಕೊಂಡು, ಮತ್ತೆ ಇಳಿಸಿದಳು. ದೋಣಿ ಎಡಕ್ಕೆ ಹೋಗಬೇಕೆಂದರೆ ಕೈ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಒಂದೊಂದು ಬೆರಳಷ್ಟೇ.

ಟ್ರೇಲರಿನ ಚಕ್ರ ಮುಳುಗಿತು. ಪಿಕಪ್ಪಿನ ಚಕ್ರ ನೀರಿಗೆ ಗೇಣು ದೂರವಿರುವಾಗ ಹ್ಯಾಂಡ್‌ಬ್ರೇಕ್ ಎಳೆದಳು. ಕುನಾಲ ಕಲ್ಲು ಕೊಟ್ಟು, ಮೊಣಕಾಲು ನೀರಿಗಿಳಿದು ಹಗ್ಗ ಬಿಚ್ಚಿದ. ದೋಣಿ ಒಮ್ಮೆ ಮೈ ಕೊಡವಿ ತೇಲಿತು. ಒಬ್ಬ ಸಿಳ್ಳೆ ಹಾಕಿದ. ಆ ಸಿಳ್ಳೆ ಕೆರೆಯ ಆಚೆ ದಂಡೆಗೆ ಬಡಿದು ತಿರುಗಿ ಬಂತು. ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು.

"ಮುಂದಿನ ವಾರ ಬಬಲೇಶ್ವರದ ಕಡೀದು ಐತ್ರಿ ಅಕ್ಕಾರ," ಎಂದ ಕುನಾಲ, ಪ್ಯಾಂಟು ಹಿಂಡುತ್ತ. "ವರ್ಷದ್ದೆಲ್ಲಾ ನಿಮ್ಮ ಗಾಡೀನ."

"ಬರ್ತೀನ್ರಿ. ಆದ್ರ ಸಾಮಾನು ನಾ ಹೇರತೀನಿ."

"ನೀವ ಹೇರ್ರಿ. ಅವ್ವನ್ನೂ ಕರಕೊಂಡು ಬರ್ರಿ."

"ನನ್ನ ಪಗಾರ ಬ್ಯಾರೆ," ಎಂದಳು ಸಕ್ರವ್ವ. ಆಗಲೇ ತವರಿನವರ ನಡುವೆ ನಿಂತು, ದೋಣಿಯನ್ನು ತಾನೇ ತಂದೆನೆಂಬಂತೆ ತೋರಿಸುತ್ತಿದ್ದಳು.

ತುಕಾರಾಮ ಟ್ರ್ಯಾಕ್ಟರಿನಿಂದ ಇಳಿದು ಕಿಟಕಿಯ ಹತ್ತಿರ ಬಂದ. ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಕ್ಕಾ, ಕೈ ಕೆಳಗ ಇಟ್ಟಿದ್ದ್ಯಲ್ಲ. ಅದನ್ನ ಇನ್ನೊಮ್ಮಿ ತೋರಸ್ತೀ?"

"ಹತ್ತಿ ಕೂಡು," ಎಂದು ಅವಳು ಪಕ್ಕದ ಬಾಗಿಲು ತೆರೆದಳು.

ಗಾಡಿ ಏರಿ ಮೇಲಕ್ಕೆ ಹೋಯಿತು. ಖಾಲಿ ಟ್ರೇಲರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಳಿಜಾರಿನ ಬಿಳಿ ಕಾಂಕ್ರೀಟಿನ ಮೇಲೆ ನೀರಿನಿಂದ ದಂಡೆಯವರೆಗೆ ಎರಡು ಒದ್ದೆ ಗೆರೆ ಉಳಿದವು, ಎಲ್ಲಿಯೂ ಸೊಟ್ಟಾಗದೆ.