ತೊಲೆಯ ಮೇಲೊಂದು ಲೋಟ ನೀರು

ನಮ್ಮ ಮನೆಯ ಗ್ಯಾರೇಜಿಗೆ ಎರಡು ಬಾಗಿಲು, ನಡುವೆ ಒಂದು ಕಂಬ. ಆ ಕಂಬದ ಮೈಮೇಲಿನ ಯಾವ ಬಣ್ಣ ಯಾವ ಗಾಡಿಯದು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಮೊಳಕಾಲೆತ್ತರದ ಹಸಿರು ನನ್ನ ಷಡ್ಡಕನ ಸ್ಕೂಟರಿನದು. ಸೊಂಟದ ಹತ್ತಿರದ ಕೆಂಪು, ಮಗ ಕಾರು ಕಲಿಯುವಾಗಿನದು; ಕಂಬವೇ ಅಡ್ಡ ಬಂತು ಎಂದು ಅವನು ಈಗಲೂ ಸಾಧಿಸುತ್ತಾನೆ. ಅದರ ಮೇಲಿನ ಹಳದಿ ಗೀರು ಹೊಸದು, ಬೇಕರಿಯ ವ್ಯಾನಿನದು. ಇಷ್ಟೆಲ್ಲ ಶುರುವಾದದ್ದು ಆ ಗೀರಿನಿಂದ.

ನಮ್ಮ ಮೊಮ್ಮಗಳು ಮೆಕ್ಯಾನಿಕ್. ಬೇರೆಯವರ ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡು ಕೆಲಸ ಕಲಿತವಳು, ಈಗ ನಮ್ಮ ಗ್ಯಾರೇಜಿನಲ್ಲೇ ಸ್ವಂತಕ್ಕೆ ಶುರು ಮಾಡುತ್ತೇನೆಂದು ಹಟ ಹಿಡಿದಿದ್ದಳು. ಬೇಕರಿಯವರು ತಮ್ಮ ವ್ಯಾನುಗಳ ರಿಪೇರಿಯನ್ನೆಲ್ಲ ಅವಳಿಗೇ ವಹಿಸಲು ಒಪ್ಪಿ, ಒಂದನ್ನು ಕಳಿಸಿ ನೋಡಿದರು. ಕಂಬ ಅದಕ್ಕೆ ಮುತ್ತು ಕೊಟ್ಟಿತು.

"ಗಾಡಿ ಸಲೀಸಾಗಿ ಒಳಗೆ ಬರೋ ಹಾಗೆ ಮಾಡಮ್ಮ, ಮುಂದಿನ ತಿಂಗಳಿಂದ ಎಲ್ಲಾ ನಿಂದೇ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡು, ನಾವು ಬೇರೆ ಕಡೆ ನೋಡ್ಕೋತೀವಿ," ಎಂದರು ಬೇಕರಿಯವರು.

ಕಂಬ ತೆಗೆದು, ಎರಡು ಬಾಗಿಲನ್ನು ಒಂದು ಮಾಡಿ, ಮೇಲೆ ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ತೊಲೆ ಕೂರಿಸಬೇಕು. ಪಕ್ಕದ ಬೀದಿಯ ಎಂಜಿನಿಯರಮ್ಮ ಬಂದು, ಗೋಡೆ ಬಡಿದು ನೋಡಿ, ಮೇಲಿನ ಭಾರವನ್ನೆಲ್ಲ ಲೆಕ್ಕ ಹಾಕಿ, ಇಂಥದೇ ತೊಲೆ ತನ್ನಿ ಎಂದು ಬರೆದುಕೊಟ್ಟರು. ಬಾಗಿಲಿನ ಅಗಲಕ್ಕಿಂತ ತೊಲೆ ಉದ್ದ ಇರಬೇಕು, ಎರಡು ತುದಿಯೂ ಗೋಡೆಯ ಮೇಲೆ ಚೆನ್ನಾಗಿ ಕೂರಬೇಕು ಎಂದರು. ನಾನು ಆಯುಷ್ಯವೆಲ್ಲ ಟೈಲರ್ ಕೆಲಸ ಮಾಡಿದವನು. ಹೊಲಿಗೆಗೆ ಬಟ್ಟೆ ಬಿಡದೆ ಯಾರು ಕತ್ತರಿಸುತ್ತಾರೆ? ತಲೆಯಾಡಿಸಿದೆ.

ತಲೆಯಾಡಿಸದವಳು ನನ್ನ ಹೆಂಡತಿ. ಮನೆ ಅವಳ ತವರಿನಿಂದ ಬಂದದ್ದು, ಅವಳು ಹೂಂ ಅನ್ನದೆ ಒಂದು ಇಟ್ಟಿಗೆ ಅಲುಗುವಂತಿಲ್ಲ. ಅಲ್ಲದೆ ಆ ಕಂಬದ ನೆತ್ತಿಯ ಮೇಲೇ ನಮ್ಮ ಕೋಣೆ. ಸರಿಯಾಗಿ ಅವಳ ಮಂಚ.

"ಕಂಬ ತೆಗಿ ಪುಟ್ಟಿ, ಬೇಡ ಅಂದ್ನಾ? ಹಾಗೇ ನಿನ್ನ ಅಜ್ಜೀನ ವ್ಯಾನ್ ಮೇಲಿಂದ ಎತ್ತೋಕೂ ಯಾರಿಗಾದ್ರೂ ಹೇಳಿಟ್ಟಿರು," ಎಂದಳು.

"ತೊಲೆ ಹಿಡ್ಕೊಳತ್ತೆ ಅಜ್ಜಿ. ಲೆಕ್ಕ ಹಾಕಿದಾರೆ."

"ಲೆಕ್ಕದ ಮೇಲೆ ನನಗೆ ನಿದ್ದೆ ಬರಲ್ಲ. ನಾನೇ ಬರ್ತೀನಿ ಅಂಗಡಿಗೆ. ತೊಲೆ ಮೇಲೆ ನಾವೆಲ್ಲ ಕೂರೋಣ, ನಡುವೆ ತುಂಬಿದ ಲೋಟ ಇಡ್ತೀನಿ. ಒಂದು ಹನಿ ಚೆಲ್ಲಿದ್ರೂ ಕಂಬ ಇದ್ದಲ್ಲೇ ಇರ್ಲಿ."

ಮೊಮ್ಮಗಳು ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದುಕೊಂಡಳು. "ನಡೀರಿ," ಎಂದಳು.

ಕೆಲಸಕ್ಕೆ ಗೊತ್ತುಮಾಡಿದ್ದ ಮೇಸ್ತ್ರಿಯನ್ನೂ ಕೂರಿಸಿಕೊಂಡು ಕಬ್ಬಿಣದ ಅಂಗಡಿಗೆ ಹೊರಟೆವು. ನನ್ನ ಹೆಂಡತಿ ಸ್ಟೀಲಿನ ಲೋಟವನ್ನು ಮಡಿಲಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದಳು. ಹೆಣ್ಣು ನೋಡಲು ಹೊರಟವರಿಗೂ ಅಷ್ಟು ಗತ್ತು ಇರುವುದಿಲ್ಲ. ನಾನು ಸುಮ್ಮನೆ ಕಿಟಕಿಯ ಆಚೆ ನೋಡಿದೆ.

ಅಂಗಡಿಯ ಹಿಂದಿನ ಅಂಗಳದ ತುಂಬ ತೊಲೆಗಳು. ದಾರ ಸುತ್ತುವ ರೀಲನ್ನು ಉದ್ದಕ್ಕೆ ಸೀಳಿದರೆ ಕಾಣುತ್ತದಲ್ಲ, ಎರಡು ತುದಿ ಅಗಲ, ನಡು ಸಣ್ಣ, ಅದೇ ಆಕಾರ. ಎಂಜಿನಿಯರಮ್ಮ ಬರೆದುಕೊಟ್ಟದ್ದು ಎತ್ತರದ, ತೆಳು ನಡುವಿನ ತೊಲೆ. ಮೇಲೆ ಕೆಂಪಗೆ ತುಕ್ಕಿನ ಪುಡಿ. ಅದರ ಪಕ್ಕದಲ್ಲಿ ಗಿಡ್ಡದ, ಮೈತುಂಬಿಕೊಂಡ ಇನ್ನೊಂದು ತೊಲೆ, ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು. ನನ್ನ ಹೆಂಡತಿ ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಗಿಡ್ಡದರ ಹತ್ತಿರವೇ ನಿಂತಳು.

"ಇದು ನೋಡು ಪುಟ್ಟಿ, ಹೇಗಿದೆ. ಅದು ನಿಮ್ಮ ತಾತನ ಹಾಗೆ, ಉದ್ದ ಸಣಕಲು."

ಅಂಗಡಿಯ ಯಜಮಾನ ನಕ್ಕ. "ಅಮ್ಮನೋರಿಗೆ ಮಾಲು ಗೊತ್ತು," ಎಂದ. ತೂಕದ ಮೇಲೆ ಮಾರುವವನು ಅವನು, ಗಿಡ್ಡದ್ದೇ ಭಾರ.

"ಮೊದಲು ನಾವು ಹೇಳಿದ್ದು ಇಡ್ಸಿ," ಎಂದಳು ಮೊಮ್ಮಗಳು.

ಹಮಾಲರು ಸಣಕಲು ತೊಲೆಯನ್ನು ತಂದು ಎರಡು ತುದಿಗೂ ಮರದ ದಿಮ್ಮಿ ಕೊಟ್ಟು ಮಲಗಿಸಿದರು. ನನ್ನ ಹೆಂಡತಿ ನಡುವೆ ಲೋಟ ಇಟ್ಟು, ಬಾಟಲಿಯಿಂದ ಕಂಠದವರೆಗೆ ನೀರು ತುಂಬಿದಳು. ಒಂದು ಕಡೆ ಅವಳು, ಮೇಸ್ತ್ರಿ. ಇನ್ನೊಂದು ಕಡೆ ನಾನು, ಮೊಮ್ಮಗಳು. ಅಂಗಡಿಯವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು.

"ಕೂರೋಣ," ಎಂದ ಮೇಸ್ತ್ರಿ.

ಕೂತೆವು. ತೊಲೆ ನಮ್ಮ ಕೆಳಗೆ ಮೆಲ್ಲಗೆ ಕುಗ್ಗಿ, ಮತ್ತೆ ಎದ್ದು, ಮತ್ತೆ ಕುಗ್ಗಿತು. ನೀರು ಲೋಟದ ಅಂಚು ದಾಟಿ ಕಬ್ಬಿಣದ ಮೇಲೆ ಹರಿಯಿತು.

ಮೊಮ್ಮಗಳ ಕಿವಿ ಕೆಂಪಾದದ್ದು ನನಗೆ ಮಾತ್ರ ಕಂಡಿತು. ಅವಳು ಮಗುವಾಗಿದ್ದಾಗಲೂ ಅಳು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು.

"ನೋಡಿದ್ಯಾ?" ಎಂದಳು ನನ್ನ ಹೆಂಡತಿ. ಗೆದ್ದ ದನಿ ಅಲ್ಲ ಅದು, ಪಾಪ ಎನ್ನುವ ದನಿ. "ಬೇಕಾದ್ರೆ ಆ ದಪ್ಪದ್ದು ನೋಡೋಣ."

ಯಜಮಾನ ಆಗಲೇ ಹಮಾಲರಿಗೆ ಕೈಸನ್ನೆ ಮಾಡುತ್ತಿದ್ದ. ಮೊಮ್ಮಗಳು, "ತಡೀರಿ ಸ್ವಲ್ಪ," ಎಂದು ಎಂಜಿನಿಯರಮ್ಮನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಎಂಜಿನಿಯರಮ್ಮ ಕೇಳಿದರು,

"ತೊಲೆ ಹೇಗಿಟ್ಟಿದೀರಿ? ಮಲಗ್ಸಿದೀರೋ, ನಿಲ್ಸಿದೀರೋ?"

ನಾವೆಲ್ಲ ಕೆಳಗೆ ಬಗ್ಗಿ ನೋಡಿದೆವು. ಮಗ್ಗುಲಾಗಿ ಮಲಗಿತ್ತು. ಹಾಗಿಟ್ಟರೆ ಉರುಳುವುದಿಲ್ಲವೆಂದು ಹಮಾಲರು ಇಟ್ಟದ್ದು. ಸಡಗರದಲ್ಲಿ ಯಾರ ಗಮನವೂ ಅತ್ತ ಹೋಗಿರಲಿಲ್ಲ.

"ಗೋಡೆ ಮೇಲೆ ಅದು ನಿಂತ್ಕೊಂಡಿರತ್ತೆ. ನಿಲ್ಸಿ, ಆಮೇಲೆ ಕೂತು ನೋಡಿ. ಗಿಡ್ಡದ್ದು ಬೇಡವೇ ಬೇಡ. ಭಾರ ಹೊರೋದು ದಪ್ಪ ಅಲ್ಲ, ಎತ್ತರ."

ನನಗೆ ಬಟ್ಟೆ ಅಳೆಯುವ ನನ್ನ ಹಳೆಯ ಗಜಕಡ್ಡಿ ನೆನಪಾಯಿತು. ಮಲಗಿಸಿ ಹಿಡಿದರೆ ಬಿಲ್ಲಿನಂತೆ ಬಾಗುತ್ತಿತ್ತು, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಜಪ್ಪಯ್ಯ ಎಂದರೂ ಇಲ್ಲ. ಕಾಲವೆಲ್ಲ ಕೈಯಲ್ಲೇ ಇತ್ತು, ಈ ಹೊತ್ತಿಗೆ ಹೊಳೆಯಲಿಲ್ಲ ನೋಡಿ.

ತೊಲೆಯನ್ನು ಎತ್ತಿ ನಿಲ್ಲಿಸಿ, ಉರುಳದಂತೆ ಎರಡು ಕಡೆಗೂ ಮರದ ಬೆಣೆ ಬಡಿದರು. ಮತ್ತೆ ಲೋಟ, ಮತ್ತೆ ನೀರು. ಮತ್ತೆ ಕೂತೆವು.

ನೀರು ಕನ್ನಡಿಯಂತೆ ನಿಂತಿತ್ತು.

ನನ್ನ ಹೆಂಡತಿ ಬಗ್ಗಿ ಲೋಟವನ್ನೇ ನೋಡಿದಳು. ತಲೆಯೆತ್ತಿ ಯಜಮಾನನನ್ನು ನೋಡಿ, "ಸುಮ್ನೆ ನಿಂತಿದೀರಲ್ಲ, ನೀವೂ ಬನ್ನಿ," ಎಂದಳು. ಅವನು ಹೊಟ್ಟೆ ಹೊತ್ತುಕೊಂಡು ಬಂದು ಕೂತ. ಹಮಾಲರೂ ಕೂತರು. ಮೊಮ್ಮಗಳು ಕಾಲು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಚಿಕ್ಕವಳಂತೆ ನಗುತ್ತಿದ್ದಳು. ಒಂದು ಹನಿ ಆಚೆ ಬರಲಿಲ್ಲ.

"ಇದೇ ಇರ್ಲಿ," ಎಂದಳು ನನ್ನ ಹೆಂಡತಿ.

ಮುಂದಿನ ವಾರವೆಲ್ಲ ಮನೆ ರಣರಂಪ. ಮೇಸ್ತ್ರಿ ಗ್ಯಾರೇಜಿನ ಚಾವಣಿಗೆ ಸಾಲಾಗಿ ಗಳುಗಳ ಆಸರೆ ಕೊಟ್ಟ. ಗೋಡೆಗಳ ಮೇಲೆ ತೊಲೆ ಕೂರಲು ಕಾಂಕ್ರೀಟಿನ ಪೀಠ ಮಾಡಿದ. ತೊಲೆ ಸರಪಳಿಯಲ್ಲಿ ತೂಗುತ್ತ ಮೇಲೇರುವಾಗ ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತಿದ್ದರು. ತೊಲೆಗೂ ಚಾವಣಿಗೂ ನಡುವಿನ ಸಂದಿಗೆ ಹಾಕಿದ ಗಾರೆ ಗಟ್ಟಿಯಾದ ಮೇಲೆ ಬಣ್ಣಬಣ್ಣದ ಆ ಕಂಬವನ್ನು ತುಂಡು ತುಂಡಾಗಿ ಕೊಯ್ದು ತೆಗೆದರು.

ಉಳಿದದ್ದು ಆಸರೆ ಬಿಚ್ಚುವುದು. ಭಾರವೆಲ್ಲ ತೊಲೆಯ ಮೇಲೆ ಬೀಳುವುದು ಆಗಲೇ. ನನ್ನ ಹೆಂಡತಿ ಬೆಳಿಗ್ಗೆಯೇ ಲೋಟ ತುಂಬಿಕೊಂಡು ಮೇಲೆ ಹೋಗಿ ಮಂಚದ ಮೇಲೆ ಕೂತಳು. ಬೇರೆ ಕಡೆ ಇರು ಎಂದರೆ ಕೇಳಲಿಲ್ಲ.

"ಬಿದ್ರೆ ಮೊದಲು ನಾನೇ ಬೀಳ್ತೀನಿ. ಹೂಂ ಅಂದೋಳು ನಾನಲ್ವಾ?"

ಕೆಳಗೆ ಮೇಸ್ತ್ರಿ ಒಂದೊಂದೇ ಆಸರೆಯನ್ನು ಎಳೆಎಳೆಯಾಗಿ ಸಡಿಲಿಸಿದ. ಮೊಮ್ಮಗಳು ತೊಲೆಯ ನಡುವಿನಿಂದ ಕಣ್ಣು ಕೀಳಲಿಲ್ಲ. ಕೊನೆಯದೂ ಬಂತು. ಎಲ್ಲರೂ ಕಿವಿಗೊಟ್ಟೆವು. ಒಂದು ಕಿರ್ ಎಂಬ ಸದ್ದೂ ಇಲ್ಲ.

ಅಷ್ಟರಲ್ಲಿ ಮೇಲಿನಿಂದ ದನಿ ಬಂತು.

"ರೀ, ಯಾವಾಗ ತೆಗೀತೀರಿ? ಕಾದು ಕಾದು ಬಾಯಾರ್ತು, ಲೋಟದ ನೀರೂ ಕುಡಿದ್ಬಿಟ್ಟೆ."

"ಇಳಿದು ಬಾರೇ. ತೆಗೆದಾಯ್ತು."

ಖಾಲಿ ಲೋಟ ಹಿಡಿದುಕೊಂಡೇ ಇಳಿದು ಬಂದಳು. ಈ ಗೋಡೆಯಿಂದ ಆ ಗೋಡೆಗೆ ಹಬ್ಬಿದ ತೊಲೆಯನ್ನೂ, ಅದರ ಕೆಳಗಿನ ಬಯಲನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಸಣಕಲಾದ್ರೂ ಪರವಾಗಿಲ್ಲ," ಎಂದಳು.

"ಯಾರಿಗೆ ಹೇಳಿದ್ದು?"

"ತೊಲೆಗೆ."

ಸಂಜೆಗೆ ಮುಂಚೆ ಬೇಕರಿಯ ಹಳದಿ ವ್ಯಾನು ಬಂತು. ಡ್ರೈವರು ಹಳೆಯ ಅಭ್ಯಾಸಕ್ಕೆ ಕನ್ನಡಿ ಮಡಚಿಕೊಂಡ, ಬಾಗಿಲು ನೋಡಿ ಮತ್ತೆ ಬಿಚ್ಚಿದ. ಒಂದೇ ಏಟಿಗೆ ಒಳಗೆ ಬಂದು ನಿಂತ. ಎರಡು ಕಡೆಗೂ ಜಾಗ ಮಿಕ್ಕಿತ್ತು. ಕೆಲಸ ಶುರು ಮಾಡುತ್ತಾಳೆಂದು ನಾವು ನೋಡುತ್ತಿದ್ದರೆ, ಮೊಮ್ಮಗಳು ವ್ಯಾನಿನ ಬಾಗಿಲು ತಟ್ಟಿದಳು.

"ಅಣ್ಣಾ, ಇನ್ನೊಂದು ಸಲ ಹೊರಗೆ ತಗೊಂಡು ಒಳಗೆ ತನ್ನಿ. ನಮ್ಮಜ್ಜಿ ಸರಿಯಾಗಿ ನೋಡ್ಲಿಲ್ಲ."